ಪಾಲಿಷರ್ ಆಂಪ್ಸ್ ಕುಣಿಯುತ್ತಿದ್ದರೆ ನಾಯ್ಸ್ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಅಕ್ಕಿಗೆ ಹೊಳಪು ಕೊಡುವ ಪಾಲಿಷರ್ ನಡೆಸುವವರು ಒತ್ತಡ ಬಿಗಿ ಮಾಡುವುದು ಆಂಪ್ಸ್ (ಮೋಟರ್ ಎಳೆಯುವ ಕರೆಂಟ್) ನೋಡಿಕೊಂಡೇ. ಮೋಟರ್‌ಗೆ ಡ್ರೈವ್ (ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿದ ಮೇಲೆ ಆ ಅಂಕಿ 38, 52, 41 ಎಂದು ಜಿಗಿಯತೊಡಗಿದರೆ ಅಂದಾಜು ತಪ್ಪುತ್ತದೆ. ಒತ್ತಡ ಹೆಚ್ಚಾದರೆ ನುಚ್ಚು, ಕಡಿಮೆಯಾದರೆ ಪಾಲಿಷ್ ಇಲ್ಲ.

ಮೊದಲು ಅದು ನಾಯ್ಸ್ (ಸಿಗ್ನಲ್‌ಗೆ ಹೊರಗಿನಿಂದ ಸೇರುವ ಬೇಡದ ವಿದ್ಯುತ್ ಗದ್ದಲ) ಹೌದೋ ಅಲ್ಲವೋ ತಿಳಿಯಬೇಕು. ಡ್ರೈವ್‌ನ ಸ್ವಂತ ಡಿಸ್‌ಪ್ಲೇಯಲ್ಲಿ ಔಟ್‌ಪುಟ್ ಕರೆಂಟ್ ತೆರೆದು ನೋಡಿ. ಅಲ್ಲೂ ನಿಧಾನವಾಗಿ ಏರಿಳಿಯುತ್ತಿದ್ದರೆ ಲೋಡೇ ಏರಿಳಿಯುತ್ತಿದೆ, ಅಕ್ಕಿ ಸಮನಾಗಿ ಬೀಳುತ್ತಿಲ್ಲ. ಅಲ್ಲಿ ಸ್ಥಿರವಾಗಿದ್ದು ಪಿಎಲ್‌ಸಿಯಲ್ಲಿ (ಯಂತ್ರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಮಾತ್ರ ಜಿಗಿದರೆ ಮುಂದಿನ ಕೆಲಸ ಶುರು.

ವೈರ್ ಮುಟ್ಟುವ ಮುನ್ನ ಮೇನ್ಸ್ ಆಫ್ ಮಾಡಿ, ಡ್ರೈವ್ ಮೇಲಿನ ಸ್ಟಿಕರ್‌ನಲ್ಲಿ ಬರೆದಷ್ಟು ನಿಮಿಷ ಕಾಯಿರಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸಿ.ಟಿ. (ಕರೆಂಟ್ ಅಳೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್) ಇದ್ದರೆ, ಕರೆಂಟ್ ಹರಿಯುವಾಗ ಅದರ ಸೆಕೆಂಡರಿಯನ್ನು (ಮೀಟರ್ ಕಡೆಯ ವೈರ್‌ಗಳನ್ನು) ಯಾವ ಕಾರಣಕ್ಕೂ ಬಿಚ್ಚಬಾರದು. ತುದಿಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಏಳುತ್ತದೆ.

100 ಆಂಪ್ಸ್‌ಗೆ 10 ವೋಲ್ಟ್ ಕೊಡುವ ಹಾಲ್ ಸೆನ್ಸರ್ (ಕಾಂತಕ್ಷೇತ್ರದಿಂದ ಕರೆಂಟ್ ಅಳೆಯುವ ಸಾಧನ) ಇದೆ ಎನ್ನೋಣ. ಅಂದರೆ ಒಂದು ಆಂಪ್‌ಗೆ 0.1 ವೋಲ್ಟ್, ಕೇಬಲ್‌ಗೆ ಒಂದು ವೋಲ್ಟ್ ನಾಯ್ಸ್ ಸೇರಿದರೆ ಅಂಕಿ 10 ಆಂಪ್ಸ್ ತಪ್ಪುತ್ತದೆ. ಪಿಎಲ್‌ಸಿ ಕಡೆಯಲ್ಲಿ ಸೆನ್ಸರ್ ವೈರ್‌ಗಳನ್ನು ಬಿಚ್ಚಿ, ಖಾಲಿಯಾದ ಎರಡು ಇನ್‌ಪುಟ್ ಟರ್ಮಿನಲ್‌ಗಳಿಗೆ ತುಂಡು ವೈರ್‌ನಿಂದ ಶಾರ್ಟ್ ಕೊಟ್ಟು ಮೋಟರ್ ಓಡಿಸಿ. ಸೆನ್ಸರ್ ತುದಿಯನ್ನು ಶಾರ್ಟ್ ಮಾಡಬೇಡಿ, ಅದು ಸುಡಬಹುದು. ಆಗಲೂ ಅಂಕಿ ಕುಣಿದರೆ ದೋಷ ಪಿಎಲ್‌ಸಿಯ ಇನ್‌ಪುಟ್ ಕಾರ್ಡ್, 24 ವೋಲ್ಟ್ ಸಪ್ಲೈ ಅಥವಾ ಅರ್ತಿಂಗ್‌ನಲ್ಲಿದೆ. ಸೊನ್ನೆಯಲ್ಲಿ ನಿಂತರೆ ಕೇಬಲ್ ಅಥವಾ ಸೆನ್ಸರ್. ಈ ಐದು ನಿಮಿಷದ ಪರೀಕ್ಷೆ ಬಿಟ್ಟು ನೇರವಾಗಿ ಹೊಸ ಸೆನ್ಸರ್ ತರಿಸುವುದು ದುಡ್ಡು ದಂಡ.

ಹೆಚ್ಚಿನ ಕಡೆ ಸಿಕ್ಕಿಬೀಳುವುದು ಕೇಬಲ್. ಸಿಗ್ನಲ್ ವೈರ್ ಮತ್ತು ಮೋಟರ್ ಕೇಬಲ್ ಒಂದೇ ಟ್ರೇಯಲ್ಲಿ ಓಡುತ್ತಿದ್ದರೆ ಕನಿಷ್ಠ ಒಂದು ಅಡಿ ದೂರ ಮಾಡಿ. ದಾಟಲೇಬೇಕಾದರೆ ಅಡ್ಡಡ್ಡ, 90 ಡಿಗ್ರಿಯಲ್ಲಿ ದಾಟಿಸಿ. ಸಿಗ್ನಲ್‌ಗೆ ತಿರುಚಿದ ಜೋಡಿಯ ಶೀಲ್ಡೆಡ್ (ಲೋಹದ ಹೊದಿಕೆಯ) ಕೇಬಲ್ ಬೇಕು. ಅದರ ಶೀಲ್ಡ್ ಪ್ಯಾನಲ್ ಕಡೆ ಮಾತ್ರ ಅರ್ತ್ ಆಗಲಿ. ಎರಡೂ ಕಡೆ ಕೊಟ್ಟರೆ ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸಕ್ಕೆ ಶೀಲ್ಡ್‌ನಲ್ಲೇ ಕರೆಂಟ್ ಹರಿಯುತ್ತದೆ. ಮೋಟರ್ ಕೇಬಲ್‌ನ ಶೀಲ್ಡ್‌ಗೆ ಮಾತ್ರ ಎರಡೂ ತುದಿ ಅರ್ತ್ ಬೇಕು.

ಆಗಾಗ ಒಮ್ಮೆ ಮಾತ್ರ ಜಿಗಿದರೆ ಕಾಂಟ್ಯಾಕ್ಟರ್ (ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್) ಮೇಲೆ ಅನುಮಾನಪಡಿ. ಕಾಯಿಲ್ ಆಫ್ ಆಗುವಾಗ ಚಿಮ್ಮುವ ವೋಲ್ಟೇಜ್ ತಗ್ಗಿಸಲು ಎ.ಸಿ. ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್-ಕೆಪಾಸಿಟರ್ ಜೋಡಿ), 24 ವೋಲ್ಟ್ ಡಿ.ಸಿ. ಕಾಯಿಲ್‌ಗೆ ಡಯೋಡ್ ಹಾಕಿ. ಡಯೋಡ್‌ನ ಗೆರೆ ಪ್ಲಸ್ ಕಡೆಗಿರಲಿ.

50 ಹರ್ಟ್ಸ್‌ಗೆಂದು ಮಾಡಿದ ಸಿ.ಟಿ.ಯನ್ನು ಡ್ರೈವ್‌ನ ಔಟ್‌ಪುಟ್‌ಗೆ ಹಾಕಿದ್ದರೆ ಫಿಲ್ಟರ್‌ನಿಂದ ಅದು ಸರಿಯಾಗದು. ಮೋಟರ್ ವೇಗ ಇಳಿದಂತೆ ಅದರ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತ್ವ ಹಿಡಿಯಲಾಗದೆ) ಅಳತೆ ತಪ್ಪುತ್ತದೆ. ಅಲ್ಲಿಗೆ ಹಾಲ್ ಸೆನ್ಸರೇ ಬೇಕು, ಹೊಸದಾಗಿ ಕೊಳ್ಳುವುದಾದರೆ 4–20 ಮಿಲಿಆಂಪ್ಸ್ ಔಟ್‌ಪುಟ್ ಇರುವುದನ್ನೇ ಕೇಳಿ.

ಇಷ್ಟಾದ ಮೇಲೂ ಸಣ್ಣ ಕಂಪನ ಉಳಿದರೆ, ವೋಲ್ಟ್ ಕೊಡುವ ಸೆನ್ಸರ್‌ಗೆ ಫಿಲ್ಟರ್: ಸಿಗ್ನಲ್ ವೈರ್‌ನಲ್ಲಿ 1 ಕಿಲೋಓಮ್ ರೆಸಿಸ್ಟರ್, ಆಮೇಲೆ ಕಾಮನ್‌ಗೆ (ಸಿಗ್ನಲ್‌ನ ಮೈನಸ್ ವೈರ್) 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಪಿಎಲ್‌ಸಿ ಟರ್ಮಿನಲ್ ಪಕ್ಕದಲ್ಲೇ. ಇದು ಸುಮಾರು 16 ಹರ್ಟ್ಸ್‌ಗಿಂತ ಮೇಲಿನದನ್ನು ತಗ್ಗಿಸುತ್ತಾ ಹೋಗುತ್ತದೆ, ಡ್ರೈವ್‌ನ ಕಿಲೋಹರ್ಟ್ಸ್ ನಾಯ್ಸ್ ಹೆಚ್ಚುಕಡಿಮೆ ಪೂರ್ತಿ ಅಡಗುತ್ತದೆ. 10 ಕಿಲೋಓಮ್ ಹಾಕಬೇಡಿ. ಕಾರ್ಡ್‌ನ ಇನ್‌ಪುಟ್ 100 ಕಿಲೋಓಮ್ ಇದ್ದರೆ ಅಂಕಿಯೇ 9% ಕಡಿಮೆ ತೋರಿಸುತ್ತದೆ. ಪ್ರೋಗ್ರಾಂನಲ್ಲಿ ಸರಾಸರಿ ಹಾಕುವುದಾದರೆ ಅರ್ಧ ಸೆಕೆಂಡ್ ಸಾಕು. ಐದು ಸೆಕೆಂಡ್ ಸರಾಸರಿ ಹಾಕಿದರೆ ಪರದೆ ಚೆಂದ ಕಾಣುತ್ತದೆ, ಆದರೆ ಅಕ್ಕಿ ಕಟ್ಟಿಕೊಂಡು ಪಾಲಿಷರ್ ಜಾಮ್ ಆದಾಗ ಟ್ರಿಪ್ ಆಗುವುದೂ ಅಷ್ಟೇ ತಡ.