ರೈಫಲ್ ಶೂಟಿಂಗ್ ನಿಯಮ ಬದಲಾಯ್ತಾ? ಮೊದಲು ಹಳೆ ಕಿಟ್ ಅಳೆಯಿರಿ

ಹೊಸ ನಿಯಮ ಬಂತು ಅಂತ ಸುದ್ದಿ ಹಬ್ಬಿದ ಕೂಡಲೇ ಹೊಸ ಜಾಕೆಟ್‌ಗೆ ದುಡ್ಡು ಕಟ್ಟಬೇಡಿ. ಎಷ್ಟೋ ಸಲ ಹಳೆಯದೇ ನಡೆಯುತ್ತದೆ. ಕೆಲವು ಸಲ ಜಾಕೆಟ್‌ನ ಗುಂಡಿ ಸರಿಸಿ ಹೊಲಿದರೆ ಸಾಕು.

ನಾನು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವವಳು. ಮಗಳು 10 ಮೀಟರ್ ಏರ್ ರೈಫಲ್ ಶೂಟರ್. ಗುರಿ ಕಲಿಸುವುದು ಕೋಚ್ ಕೆಲಸ, ಬಟ್ಟೆ ಮತ್ತು ಬೂಟಿನ ಲೆಕ್ಕ ನನ್ನದು. ಬೇರೆ ಮಕ್ಕಳ ಅಪ್ಪ ಅಮ್ಮಂದಿರೂ "ಅಕ್ಕಾ, ಇದು ಪಾಸ್ ಆಗುತ್ತಾ ನೋಡಿ" ಅಂತ ಜಾಕೆಟ್ ಹೊತ್ತು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಪುಸ್ತಕದ್ದು. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್ ಸಾಮಾನ್ಯವಾಗಿ ಒಲಿಂಪಿಕ್ಸ್ ಮುಗಿದ ಮೇಲೆ ನಿಯಮ ಪುಸ್ತಕವನ್ನು ತಿದ್ದುತ್ತದೆ. ನಮ್ಮ ರಾಷ್ಟ್ರೀಯ ಸಂಸ್ಥೆ ಎನ್‌ಆರ್‌ಎಐ ನಡೆಸುವ ಐಎಸ್‌ಎಸ್‌ಎಫ್ ವಿಭಾಗದ ಸ್ಪರ್ಧೆಗಳಿಗೂ ಅದೇ ಪುಸ್ತಕ. ರೈಫಲ್ ಅಧ್ಯಾಯ ಮತ್ತು ಬಟ್ಟೆಯ ದಪ್ಪದ ಪಟ್ಟಿ, ಇವೆರಡನ್ನೇ ಪ್ರಿಂಟ್ ತೆಗೆಸಿ. ಹಳೆಯದರ ಪಕ್ಕದಲ್ಲಿಟ್ಟು, ಬದಲಾದ ಅಂಕಿಗೆ ಮಾತ್ರ ಕೆಂಪು ಗೆರೆ ಎಳೆಯಿರಿ. ವಾಟ್ಸಾಪ್‌ನಲ್ಲಿ ಬರುವ ಒಂದು ಸಾಲಿನ ಸುದ್ದಿ ನಂಬಿ ಕತ್ತರಿ ಹಿಡಿಯಬೇಡಿ.

ಎಲ್ಲ ಬದಲಾವಣೆಯೂ ಸಾಮಗ್ರಿಯದಲ್ಲ. 2018ರಲ್ಲಿ ಹೆಣ್ಣುಮಕ್ಕಳ ಏರ್ ರೈಫಲ್ 40 ಗುಂಡಿನಿಂದ 60ಕ್ಕೆ ಏರಿತು. ಅದು ಬಟ್ಟೆಯ ನಿಯಮವಲ್ಲ, ಆದರೂ ಬಟ್ಟೆಗೆ ತಟ್ಟುತ್ತದೆ. ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ 75 ನಿಮಿಷ, ಅದಕ್ಕೂ ಮುಂಚೆ ತಯಾರಿಗೆ 15 ನಿಮಿಷ. ಅಷ್ಟು ಹೊತ್ತು ಆ ದಪ್ಪ ಜಾಕೆಟ್ ಒಳಗೆ ಇರಬೇಕು. ನಮ್ಮ ಬಿಸಿಲಲ್ಲಿ ಬೆಳೆದ ಮಕ್ಕಳಿಗೂ ಅದು ಸುಲಭವಲ್ಲ.

ಈಗ ಜಾಕೆಟ್. ಇದಕ್ಕೆ ಜಾಸ್ತಿ ಸಮಯ ಕೊಡಿ.

ಒಂದು ಪದರದ ದಪ್ಪ 2.5 ಮಿಲಿಮೀಟರ್ ಮೀರಬಾರದು. ಪ್ಯಾಂಟಿಗೂ ಇದೇ. ಒಂದು ಕೂದಲೆಳೆ ಜಾಸ್ತಿಯಾದರೂ ರಿಯಾಯಿತಿ ಇಲ್ಲ. ಸ್ಪರ್ಧೆಗೆ ಮುಂಚೆ ನಡೆಯುವ ಸಾಮಗ್ರಿ ತಪಾಸಣೆಯಲ್ಲಿ 30 ಮಿಲಿಮೀಟರ್ ಅಗಲದ ದುಂಡು ತಟ್ಟೆಗಳ ನಡುವೆ 5 ಕೆಜಿ ಒತ್ತಡದಲ್ಲಿ ಅಳೆಯುತ್ತಾರೆ. ಮನೆಯಲ್ಲಿ ವರ್ನಿಯರ್ ಕ್ಯಾಲಿಪರ್ ಸಾಕು. ಒತ್ತದೆ ಅಳೆದಾಗಲೇ 2.5ರ ಒಳಗೆ ಬಂದರೆ, ಒತ್ತಿದಾಗ ಇನ್ನೂ ಕಡಿಮೆಯೇ ಬರುತ್ತದೆ. ಅಂಚು, ಜೇಬು ಬಿಟ್ಟು ಬೆನ್ನು, ಎದೆ, ಪಕ್ಕೆ ಹೀಗೆ ಸಪಾಟಾದ ಕಡೆಯೆಲ್ಲ ಅಳೆಯಿರಿ. ಮೊಣಕೈ, ಭುಜದ ತೇಪೆಗೆ ಬೇರೆ ಮಿತಿ, 10 ಮಿಲಿಮೀಟರ್. ಹರಿದ ಕಡೆ ಒಳಗಿನಿಂದ ಇನ್ನೊಂದು ಬಟ್ಟೆ ಕೊಟ್ಟು ಹೊಲಿಯುವುದು ನಮ್ಮ ದರ್ಜಿಗಳ ಅಭ್ಯಾಸ. ಇಲ್ಲಿ ಬೇಡ, ಅಳತೆ ಅಲ್ಲೇ ಮೀರುತ್ತದೆ.

ಎರಡನೆಯದು ಬಿಗಿತನ. ಜಾಕೆಟ್ಟೇ ಬೆನ್ನೆಲುಬಾಗಿ ಶೂಟರ್‌ನನ್ನು ಹಿಡಿದು ನಿಲ್ಲಿಸಬಾರದು ಅನ್ನುವುದು ಈ ನಿಯಮದ ಉದ್ದೇಶ. ನನಗೆ ಇದು ಪೂರ್ತಿ ನ್ಯಾಯ ಅನ್ನಿಸುತ್ತದೆ, ಇಲ್ಲದಿದ್ದರೆ ದುಬಾರಿ ಬಟ್ಟೆ ಇದ್ದವರೇ ಗೆಲ್ಲುತ್ತಾರೆ. 1 ಕೆಜಿ ಭಾರ ಬಿದ್ದಾಗ ಬಿಗಿತನ ಅಳೆಯುವ ಉಪಕರಣದ ಮೇಲೆ ಬಟ್ಟೆ ಕನಿಷ್ಠ 3.0 ಮಿಲಿಮೀಟರ್ ಬಾಗಬೇಕು. 2.9 ಬಂದರೆ ಫೇಲ್. ಇದು ಮನೆಯಲ್ಲಿ ಆಗುವ ಅಳತೆಯಲ್ಲ, ಉಪಕರಣ ಇರುವ ರೇಂಜ್‌ಗೇ ಒಯ್ಯಬೇಕು. ಕ್ಯಾನ್ವಾಸ್ ಮತ್ತು ಚರ್ಮ ಚಳಿಗೆ ಬಿರುಸಾಗುತ್ತವೆ. ಬಳ್ಳಾರಿಯ ಮೇ ತಿಂಗಳಲ್ಲಿ 3.1 ತೋರಿಸಿದ ಜಾಕೆಟ್ ಡಿಸೆಂಬರ್‌ನ ದಿಲ್ಲಿಯಲ್ಲಿ, ಇಲ್ಲವೇ ಎಸಿ ಹಾಲ್‌ನಲ್ಲಿ ಕೈ ಕೊಡಬಹುದು. ಅದಕ್ಕೇ ನಾನು 3.3ಕ್ಕಿಂತ ಕಡಿಮೆ ಇದ್ದರೆ ಒಪ್ಪುವುದಿಲ್ಲ. ಗಂಜಿ, ಸ್ಪ್ರೇ, ಅಂಟು ಯಾವುದನ್ನೂ ಒಳಗೂ ಹೊರಗೂ ಹಚ್ಚಬೇಡಿ, ನಿಯಮವೇ ಅದನ್ನು ನಿಷೇಧಿಸಿದೆ.

ಮೂರನೆಯದು ಸಡಿಲ. ಬೆಳೆಯುವ ಮಕ್ಕಳಿಗೆ ತೊಂದರೆ ಕೊಡುವುದು ಇದೇ. ಗುಂಡಿ ಹಾಕಿ, ಕೈ ಇಳಿಬಿಟ್ಟು ನಿಂತಾಗ, ಜಾಕೆಟ್‌ನ ಮುಂದಿನ ಎರಡು ಅಂಚುಗಳನ್ನು ಗುಂಡಿ ಕೂರುವ ಮಾಮೂಲಿ ಜಾಗಕ್ಕಿಂತ ಇನ್ನೂ ಕನಿಷ್ಠ 70 ಮಿಲಿಮೀಟರ್ ಒಂದರ ಮೇಲೊಂದು ಎಳೆಯಲು ಬರಬೇಕು. ವರ್ಷ ಕಳೆಯುವುದರೊಳಗೆ ಭುಜ ಅಗಲವಾಗುತ್ತದೆ, ಈ 70 ಕರಗುತ್ತದೆ. ಪರಿಹಾರ ಸುಲಭ: ಗುಂಡಿಯನ್ನು ಅಂಚಿನ ಕಡೆ ಸರಿಸಿ ಹೊಲಿಯುವುದು. ಜೀನ್ಸ್ ಹೊಲಿಯುವ ಯಾವ ಅಂಗಡಿಯಲ್ಲೂ ದಪ್ಪ ಸೂಜಿ, ಗಟ್ಟಿ ದಾರ ಇರುತ್ತದೆ. ಉದ್ದವನ್ನೂ ನೋಡಿ. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಜಾಕೆಟ್‌ನ ಅಂಚು ಮುಷ್ಟಿಯ ಕೆಳಗೆ ಇಳಿಯಬಾರದು.

ಒಳಗೆ ಹಾಕುವ ಬನಿಯನ್, ಟೀ ಶರ್ಟ್ ಕೂಡ 2.5ರ ಒಳಗೇ ಇರಬೇಕು. ಚಳಿ ಅಂತ ಸ್ವೆಟರ್ ತೊಡಿಸುವ ಅಮ್ಮಂದಿರು ಇದನ್ನು ನೆನಪಿಡಿ. ಗ್ಲೌಸ್‌ನ ಒಟ್ಟು ದಪ್ಪ 12 ಮಿಲಿಮೀಟರ್.

ಬೂಟಿನ ಅಟ್ಟೆ ಮುಂದಿನ ತುದಿಯಲ್ಲಿ 10 ಮಿಲಿಮೀಟರ್ ಮೀರಬಾರದು, ಮೇಲಿನ ಚರ್ಮ 4. ಅಟ್ಟೆ ಬಾಗಲೂಬೇಕು. 15 ನ್ಯೂಟನ್ ಮೀಟರ್ ಬಲಕ್ಕೆ ಕನಿಷ್ಠ 22.5 ಡಿಗ್ರಿ. ಇದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಬೂಟಿನ ಮುಂಭಾಗವನ್ನು ಮೇಜಿಗೆ ಹಲಗೆ ಇಟ್ಟು ಬಿಗಿಯಿರಿ. ಬಾಗುವ ಜಾಗದಿಂದ 15 ಸೆಂಟಿಮೀಟರ್ ಹಿಂದೆ ಹಿಮ್ಮಡಿಗೆ ಪಟ್ಟಿ ಕಟ್ಟಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿಯಿಂದ ಮೇಲಕ್ಕೆ ಎಳೆಯಿರಿ. ತಕ್ಕಡಿ 10 ಕೆಜಿ ತೋರಿಸುವಷ್ಟರಲ್ಲಿ ಆ ಜಾಗ ಸುಮಾರು 6 ಸೆಂಟಿಮೀಟರ್ ಎದ್ದರೆ ಸರಿ. ಏಳದಿದ್ದರೆ ದಿನಾ ಹಾಕಿ ಓಡಾಡಿಸಿ. ಅಟ್ಟೆ ಕೊಯ್ಯಲು ಹೋಗಬೇಡಿ.

ರೈಫಲ್ ವಿಷಯ ಚಿಕ್ಕದು. ಗುರಿ ನೋಡುವ ಸೈಟ್ ಸಮೇತ 5.5 ಕೆಜಿ ಒಳಗಿರಬೇಕು. ಹೊಸ ತೂಕದ ತುಂಡು ಹಾಕಿದಾಗೆಲ್ಲ ತೂಗಿ. ರೈಫಲ್‌ಗೆ ಗಾಳಿ ಕೊಡುವ ಸಿಲಿಂಡರ್ ಮೇಲಿನ ತಾರೀಕು ಓದಿ, 10 ವರ್ಷ ದಾಟಿದ್ದರೆ ಬದಲಿಸಿ. ಇದು ಮಗುವಿನ ಮುಖದ ಪಕ್ಕದಲ್ಲಿರುವ ಒತ್ತಡದ ಗಾಳಿ, ಇಲ್ಲಿ ಉಳಿತಾಯ ಬೇಡವೇ ಬೇಡ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಅದನ್ನು ಬಿಡಬೇಡಿ.

ಈ ಅಳತೆಯೆಲ್ಲ ಸ್ಪರ್ಧೆಗೆ ತಿಂಗಳು ಮುಂಚೆಯೇ ಮುಗಿದಿರಲಿ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಲ್ಲಿ ಇಳಿದ ಮೇಲೆ ದರ್ಜಿಯನ್ನು ಹುಡುಕುವುದು ಕಷ್ಟ. ತಪಾಸಣೆ ಪಾಸಾದ ಮೇಲೆ ಗುಂಡಿ, ತೇಪೆ, ಅಟ್ಟೆ ಯಾವುದನ್ನೂ ಮುಟ್ಟಬೇಡಿ. ಸ್ಪರ್ಧೆ ಮುಗಿದ ಮೇಲೂ ಕೆಲವರನ್ನು ಆರಿಸಿ ಮತ್ತೆ ಅಳೆಯುತ್ತಾರೆ. ಆಗ ಫೇಲಾದರೆ ಅನರ್ಹ, ಎಷ್ಟು ಅಂಕ ಬಂದಿದ್ದರೂ ಲೆಕ್ಕಕ್ಕಿಲ್ಲ. ಹೆಸರು ಕರೆದರೆ ಬಟ್ಟೆ ಬದಲಿಸದೆ, ಬನಿಯನ್ ಕೂಡ ತೆಗೆಯದೆ ಅಧಿಕಾರಿಯ ಜೊತೆ ನೇರ ಹೋಗಬೇಕು ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಿ.