ಚಿರತೆಗಿಂತ ಖಾಕಿಯ ಹೆದರಿಕೆ ಹೆಚ್ಚಿದ್ದ ಬಸ್ತಿಯಲ್ಲಿ

ಮುಂಬೈಯ ಗೋರೆಗಾಂವ್ ಪೂರ್ವದಲ್ಲಿ, ಆರೆ ಕಾಲೊನಿಯ ಅಂಚಿಗೆ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಕಟ್ಟಡ ಕೂಲಿಗಳ ಒಂದು ಬಸ್ತಿ ಇದೆ. ನಾನು ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಅಲ್ಲಿನ ಮಕ್ಕಳು ನನ್ನ ತರಗತಿಯಲ್ಲಿದ್ದರು. ನಿವೃತ್ತಳಾದ ಮೇಲೆ, ಅರಣ್ಯ ಇಲಾಖೆಯವರು ಚಿರತೆ ಬಗ್ಗೆ ಜನರೊಡನೆ ಮಾತಾಡಲು ಹೋಗುವಾಗ ದುಭಾಷಿಯಾಗಿ ಜೊತೆಗೆ ಹೋಗತೊಡಗಿದೆ.

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಚಿರತೆಗಳಿರುವ ಸುಮಾರು 104 ಚದರ ಕಿಲೋಮೀಟರ್ ಕಾಡು, ಅದಕ್ಕೆ ಒತ್ತಿಕೊಂಡೇ ಆರೆ, ಮಹಾನಗರ. 2011ರಲ್ಲಿ ಈ ಉದ್ಯಾನಕ್ಕಾಗಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಎಂಬ ಅಭಿಯಾನ ಶುರುವಾದಾಗ ಅಧಿಕಾರಿಗಳ ಜೊತೆ ಸಂಶೋಧಕರು, ಪತ್ರಕರ್ತರು, ನಾಗರಿಕರು ಕೈಜೋಡಿಸಿದರು. ಅದು ದೊಡ್ಡ ಕೆಲಸ. ಆದರೆ ಕತ್ತಲಲ್ಲಿ ಚೊಂಬು ಹಿಡಿದು ಪೊದೆಯ ಕಡೆ ನಡೆಯುವವರು ಎತ್ತರದ ಕಟ್ಟಡಗಳವರಲ್ಲ, ಇವರು.

ಮೊದಲ ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಆ ಹೊತ್ತಿಗೆ ಎಲ್ಲರೂ ಕೆಲಸದ ಮೇಲೆ; ಬಂದವರು ಇಬ್ಬರು ಮುದುಕಿಯರು. ನಾನು ಬರೆದುಕೊಟ್ಟಿದ್ದ ಕರಪತ್ರದಲ್ಲಿ ‘ಮಾನವ–ವನ್ಯಜೀವಿ ಸಂಘರ್ಷ’, ‘ಬಹಿರ್ದೆಸೆ’ ಎಂದೆಲ್ಲ ಇತ್ತು. ಆ ಮುದುಕಿಯರಿಗೆ ಓದಿ ಹೇಳುವಾಗ, ಅವು ಯಾರ ಮನೆಯೊಳಗೂ ಆಡುವ ಮಾತಲ್ಲ ಎಂದು ನನಗೇ ಗೊತ್ತಾಯಿತು.

ಮಂಗಳವಾರ ಸಂಜೆ ಎಲ್ಲಮ್ಮ ದೇವಿಯ ಪಡ್ಡಲಗಿ (ನೈವೇದ್ಯ ತುಂಬುವ ಬುಟ್ಟಿ) ತುಂಬಿಸುತ್ತಿದ್ದ ಮನೆಗೆ ಒಬ್ಬಳೇ ಹೋದೆ. ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನನ್ನನ್ನು ಕೂರಿಸಿ, ದನಿ ತಗ್ಗಿಸಿ ಹೇಳಿದಳು: “ಅಕ್ಕೋರ, ಚಿರತಿ ರಾತ್ರಿ ಬರ್ತದ, ಹೋಗ್ತದ. ಖಾಕಿಯವ್ರು ಬಂದ್ರ ಮನೀನೇ ಹೋಗ್ತದ.”

ಉದ್ಯಾನದೊಳಗಿನ ಒತ್ತುವರಿ ತೆರವು ಮಾಡಬೇಕೆಂದು 1997ರಲ್ಲಿ ಬಾಂಬೆ ಹೈಕೋರ್ಟ್ ಆದೇಶಿಸಿತ್ತು. ಆಮೇಲೆ ಸಾವಿರಾರು ಗುಡಿಸಲು ಬಿದ್ದವು. ಈ ಬಸ್ತಿ ಉದ್ಯಾನದ ಗಡಿಯೊಳಗಿಲ್ಲ. ಆದರೂ ಆ ನೆನಪು ಬಾಯಿಂದ ಬಾಯಿಗೆ ದಾಟಿ ಇಲ್ಲಿಗೂ ಬಂದಿದೆ. ಚಿರತೆ ಕಂಡರೂ ಇವರು ಇಲಾಖೆಗೆ ಯಾಕೆ ಹೇಳುವುದಿಲ್ಲ ಎಂಬುದಕ್ಕೆ ಉತ್ತರ ಅಲ್ಲಿತ್ತು. ಹೆಸರು, ವಿಳಾಸ ಕೊಟ್ಟರೆ ಪಟ್ಟಿಗೆ ಸೇರುತ್ತೇವೆಂಬ ಭಯ. ಜಾಗೃತಿ ಇಲ್ಲವೆಂದು ಅವರನ್ನು ದೂರುವುದು ತಪ್ಪು.

ನಾನು ವನಪಾಲರಿಗೆ ಇದನ್ನು ಇದ್ದಹಾಗೇ ಹೇಳಿದೆ. ಮುಂದಿನ ಭಾನುವಾರ ಅವರು ಸಮವಸ್ತ್ರ ಇಲ್ಲದೆ ಬಂದರು, ಚಾಪೆ ಮೇಲೆ ಕೂತರು, ಹೆಸರು ಬರೆದುಕೊಳ್ಳುವ ವಹಿ ತರಲಿಲ್ಲ. ಹತ್ತಿರದ ಆದಿವಾಸಿ ಪಾಡಾದಿಂದ ಒಬ್ಬ ವಾರ್ಲಿ ಅಜ್ಜನನ್ನೂ ಕರೆತಂದಿದ್ದರು. ತಮ್ಮವರು ವಾಘೋಬನನ್ನು, ಅಂದರೆ ಹುಲಿ-ಚಿರತೆಯನ್ನು, ದೇವರೆಂದು ಪೂಜಿಸುವುದನ್ನು ಅಜ್ಜ ಮರಾಠಿಯಲ್ಲಿ ಹೇಳಿದಾಗ ಹೆಂಗಸರು ಕೈಮುಗಿದರು. ಅದನ್ನು ಕನ್ನಡಕ್ಕೆ ತರುವ ಅಗತ್ಯವೇ ಬೀಳಲಿಲ್ಲ.

“ಪಂಜರ ಇಟ್ಟು ಹಿಡಕೊಂಡು ಹೋಗ್ರಿ” ಎಂದು ಗಂಡಸರು ಪಟ್ಟು ಹಿಡಿದರು. ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಒಂದನ್ನು ಹಿಡಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಹಿಡಿದದ್ದನ್ನು ಗೊತ್ತಿಲ್ಲದ ಕಾಡಿನಲ್ಲಿ ಬಿಟ್ಟರೆ ಅಲ್ಲಿ ತೊಂದರೆ. ಪುಣೆ ಜಿಲ್ಲೆಯ ಜುನ್ನರ್ ಸೀಮೆಯಲ್ಲಿ ಹಿಡಿದ ಚಿರತೆಗಳನ್ನು ಬಿಟ್ಟ ಕಡೆ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದನ್ನು ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರರು ಅಧ್ಯಯನದಿಂದ ತೋರಿಸಿದ್ದಾರೆ. ಇದನ್ನು ನಾನು ಹೊಲದ ಮಾತಿನಲ್ಲಿ ಹೇಳಿದೆ: ಒಂದು ಗೂಳಿಯನ್ನು ಊರು ಬಿಡಿಸಿದರೆ ಪಕ್ಕದೂರಿನದು ಬಂದು ನಿಲ್ಲುವುದಿಲ್ಲವೇ? ಒಬ್ಬ ಹಿರಿಯ ತಲೆದೂಗಿದ. ಎಲ್ಲರೂ ಒಪ್ಪಿದರೆಂದು ಹೇಳಲಾರೆ.

ಕಸದ ರಾಶಿಗೆ ನಾಯಿ, ಹಂದಿ ಬರುತ್ತವೆ, ನಾಯಿಯ ಹಿಂದೆ ಚಿರತೆ ಬರುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದ್ದು ಒಂದಿತ್ತು: ಕುಕ್ಕರುಗಾಲಲ್ಲಿ ಕೂತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯ ಹಾಗೆ ಕಾಣಬಹುದು. ತಾಯಂದಿರು ಅದನ್ನು ಕೇಳಿ ಸುಮ್ಮನಾದರು. ಮಗು ಬಯಲಕಡಿಗೆ ಹೋದಾಗ ದೊಡ್ಡವರೊಬ್ಬರು ಬ್ಯಾಟರಿ ಹಿಡಿದು ನಿಲ್ಲಬೇಕು, ಜೋರಾಗಿ ಮಾತಾಡುತ್ತಿರಬೇಕು ಎಂದು ಆಮೇಲೆ ಅವರೇ ಒಬ್ಬರಿಗೊಬ್ಬರು ಹೇಳಿಕೊಂಡರು. ಹತ್ತನೇ ತರಗತಿಯ ಹುಡುಗ ಇಷ್ಟನ್ನೂ, ಜೊತೆಗೆ ಅರಣ್ಯ ಸಹಾಯವಾಣಿ 1926 ಅನ್ನೂ, ತನ್ನ ಮನೆಮಾತಿನಲ್ಲೇ ಹೇಳಿ ವಾಟ್ಸಾಪ್‌ಗೆ ಹಾಕಿದ. ಅದರ ಮುಂದೆ ನನ್ನ ಕರಪತ್ರ ಬೇಕಾಗಲಿಲ್ಲ.

ನಿಮಗೇನು ಬೇಕು ಎಂದು ವನಪಾಲರು ಕೊನೆಗೆ ಕೇಳಿದರು. ಸಾರ್ವಜನಿಕ ಸಂಡಾಸದ ಮುಂದೆ ದೀಪ. ಅದು ಅರಣ್ಯ ಇಲಾಖೆಯ ಕೆಲಸವಲ್ಲ. ಹಾಗಂತ ಅವರು ಕೈತೊಳೆದುಕೊಳ್ಳಲಿಲ್ಲ. ನಾನು ಬರೆದ ಅರ್ಜಿಗೆ ತಮ್ಮ ಪತ್ರ ಲಗತ್ತಿಸಿದರು. ವಾರ್ಡ್ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ದೀಪ ಬಂತು. ಆ ದೀಪ ಬಂದ ವಾರವೇ ಬಸ್ತಿಯಿಂದ 1926ಕ್ಕೆ ಮೊದಲ ಕರೆ ಹೋಯಿತು.

ಮಳೆಗಾಲಕ್ಕೆ ಅರ್ಧ ಜನ ಬಿತ್ತನೆಗೆಂದು ಊರಿಗೆ ಹೋಗುತ್ತಾರೆ, ತಿರುಗಿ ಬರುವಾಗ ಹೊಸ ಕುಟುಂಬಗಳೂ ಜೊತೆಗಿರುತ್ತವೆ. ಅದಕ್ಕೇ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಮತ್ತೆ ಚಾಪೆ ಹಾಸುತ್ತೇವೆ. ಹೋದ ಸಲ ಮಾತು ಶುರು ಮಾಡಿದ್ದು ನಾನಲ್ಲ, ಪಡ್ಡಲಗಿ ಮನೆಯ ಆ ತಾಯಿ.