ಕೆಟ್ಟು ನಿಂತ ಎಲೆಕ್ಟ್ರಿಕ್ ಕಾರನ್ನು ಗ್ಯಾರೇಜಿನಿಂದ ಹೊರತೆಗೆಯುವ ಬಗೆ

ಪೆಟ್ರೋಲ್ ಕಾರು ಕೆಟ್ಟಾಗ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಇಳಿಸಿ, ಇಬ್ಬರು ಸೇರಿ ತಳ್ಳಿದರೆ ಅದು ಹೊರಗೆ ಬರುತ್ತದೆ. ಬಹುತೇಕ ಎಲೆಕ್ಟ್ರಿಕ್ ಕಾರುಗಳಲ್ಲಿ ಈ ಎರಡೂ ಕೆಲಸಗಳಿಗೆ ಕರೆಂಟ್ ಬೇಕು, ಮತ್ತು ಆ ಕರೆಂಟನ್ನು ಕೊಡುವುದು ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಬರಿದಾದರೆ, ಕಾರಿನಡಿಯ ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ತುಂಬಿದ್ದರೂ ಪರದೆ ಬೆಳಗುವುದಿಲ್ಲ, ಗಾಲಿಗಳು ಪಾರ್ಕ್ ಸ್ಥಿತಿಯ ಹಿಡಿತದಿಂದ ಬಿಡುಗಡೆಯಾಗುವುದಿಲ್ಲ. ಆದ್ದರಿಂದ ಟೋಯಿಂಗ್ ವಾಹನ ಬರುವುದಕ್ಕೆ ಮೊದಲೇ ಈ ಸಣ್ಣ ಬ್ಯಾಟರಿಗೆ ಜೀವ ತುಂಬಬೇಕು. ಎಷ್ಟೋ ಸಲ ಅಷ್ಟರಲ್ಲೇ ಕಾರು ಎಚ್ಚತ್ತು, ಟೋಯಿಂಗ್‌ನ ಅಗತ್ಯವೇ ಉಳಿಯುವುದಿಲ್ಲ.

ಆದರೆ ಕಾರು ಅಪಘಾತಕ್ಕೆ ಸಿಕ್ಕಿದ್ದರೆ, ನೆರೆನೀರಿನಲ್ಲಿ ಮುಳುಗಿದ್ದರೆ, ಅಥವಾ ಅದರಡಿಯಿಂದ ಹೊಗೆ, ಬುಸುಗುಟ್ಟುವ ಸದ್ದು, ವಿಚಿತ್ರ ವಾಸನೆ ಬರುತ್ತಿದ್ದರೆ ಇದಾವುದಕ್ಕೂ ಕೈಹಾಕಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳವನ್ನು ಕರೆಯಿರಿ.

ಬಾಗಿಲು ತೆರೆಯದಿದ್ದರೆ ರಿಮೋಟಿನೊಳಗೆ ಸಾಮಾನ್ಯವಾಗಿ ಒಂದು ಲೋಹದ ಕೀ ಅಡಗಿರುತ್ತದೆ. 12 ವೋಲ್ಟಿನ ಬ್ಯಾಟರಿ ಎಲ್ಲಿದೆ, ಅದಕ್ಕೆ ಹೊರಗಿನಿಂದ ಕರೆಂಟ್ ಕೊಡುವ ಸಾಧನವಾದ ಜಂಪ್ ಸ್ಟಾರ್ಟರನ್ನು ಎಲ್ಲಿ ಜೋಡಿಸಬೇಕು ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕೆಂಪು ಕ್ಲಿಪ್ಪನ್ನು ಪ್ಲಸ್ ತುದಿಗೂ ಕಪ್ಪು ಕ್ಲಿಪ್ಪನ್ನು ಕೈಪಿಡಿ ತೋರಿಸುವ ಲೋಹದ ಭಾಗಕ್ಕೂ ಹಾಕಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಮುಟ್ಟಲೇಬಾರದು. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಚಾರ್ಜಿಂಗ್ ಗನ್ ಕಾರಿಗೆ ಸಿಕ್ಕಿಕೊಂಡಿದ್ದರೆ ಅದನ್ನು ಜಗ್ಗಬೇಡಿ. ಅದನ್ನು ಹಿಡಿದಿರುವ ಬೀಗವೂ ಕರೆಂಟಿನಿಂದಲೇ ತೆರೆಯುವಂಥದು, ಮತ್ತು ಅದನ್ನು ಕೈಯಿಂದ ಬಿಡಿಸುವ ದಾರವೊಂದು ಅನೇಕ ಕಾರುಗಳಲ್ಲಿ ಡಿಕ್ಕಿಯ ಒಳಗಿರುತ್ತದೆ.

ಪರದೆ ಬೆಳಗಿದ ಮೇಲೆ ಬಹಳ ಮಂದಿ ಎಡವುವ ಹಂತ ಬರುತ್ತದೆ. ನ್ಯೂಟ್ರಲ್‌ಗೆ ಹಾಕುವ ಮೊದಲೇ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಇಡಿ. ಬಳಿಕ ಚಾಲಕರು ಸೀಟಿನಲ್ಲಿ ಕುಳಿತು, ಬ್ರೇಕ್ ತುಳಿದು ನ್ಯೂಟ್ರಲ್‌ಗೆ ಹಾಕಿದಾಗ ಹಿಂದಿನ ಗಾಲಿಗಳ ಬಳಿಯಿಂದ ಸಣ್ಣ ಮೋಟಾರಿನ ಗುಂಯ್ ಎನ್ನುವ ಸದ್ದು ಕೇಳಿಸಿದರೆ ಬ್ರೇಕ್ ಬಿಟ್ಟಿತೆಂದು ತಿಳಿಯಬಹುದು. ಅಷ್ಟಕ್ಕೇ ಸಮಾಧಾನಪಟ್ಟು ಚಾಲಕರು ಬಾಗಿಲು ತೆರೆದು ಇಳಿದರೆ, ಅನೇಕ ಕಾರುಗಳು ತಾವಾಗಿಯೇ ಪಾರ್ಕ್‌ಗೆ ಮರಳಿ, ಅದೇ ಸದ್ದಿನೊಡನೆ ಬ್ರೇಕ್ ಮತ್ತೆ ಕಚ್ಚಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ ಕೆಲವು ಕಾರುಗಳಲ್ಲಿ ಟೋಯಿಂಗ್ ಮೋಡ್ ಅಥವಾ ಟ್ರಾನ್ಸ್‌ಪೋರ್ಟ್ ಮೋಡ್ ಎಂಬ ಆಯ್ಕೆ ಇರುತ್ತದೆ; ಇದ್ದರೆ ಅದನ್ನೇ ಬಳಸಿ.

ಗ್ಯಾರೇಜಿನ ನೆಲ ಸಮತಟ್ಟಾಗಿದ್ದರೆ ನಡಿಗೆಯ ವೇಗಕ್ಕಿಂತ ನಿಧಾನವಾಗಿ ಕೆಲವು ಮೀಟರ್ ತಳ್ಳಬಹುದು, ಕೈಪಿಡಿ ಅದಕ್ಕೆ ಒಪ್ಪಿದರೆ. ಸ್ಟೀರಿಂಗ್ ಗಡುಸಾಗಿರುತ್ತದೆ, ಬ್ರೇಕ್ ಪೆಡಲನ್ನು ಜೋರಾಗಿ ತುಳಿಯಬೇಕಾಗುತ್ತದೆ. ಆದ್ದರಿಂದ ಒಳಗೆ ಒಬ್ಬರು ಕುಳಿತಿರಲೇಬೇಕು. ಗ್ಯಾರೇಜಿನ ಮುಂದೆ ಇಳಿಜಾರಿದ್ದರೆ ತಳ್ಳುವ ಯೋಚನೆಯನ್ನೇ ಬಿಡಿ. ಎರಡು ಟನ್ನಿನಷ್ಟು ತೂಗಬಲ್ಲ ಕಾರನ್ನು ಇಳಿಜಾರಿನಲ್ಲಿ ಕೈಯಿಂದ ತಡೆಹಿಡಿಯುವುದು ಯಾರಿಗೂ ಸಾಧ್ಯವಿಲ್ಲ.

ಏನು ಮಾಡಿದರೂ ಗಾಲಿ ತಿರುಗದಿದ್ದರೆ ಕಾರನ್ನು ಹಗ್ಗ ಕಟ್ಟಿ ಎಳೆದಾಡಬಾರದು. ಟೈರ್ ಸವೆಯುವುದರ ಜೊತೆಗೆ ಪಾರ್ಕಿಂಗ್ ವ್ಯವಸ್ಥೆಯ ಹಲ್ಲುಗಳೂ ಮುರಿಯಬಹುದು. ಗಾಲಿಯಡಿ ಸಿಕ್ಕಿಸುವ ಚಕ್ರದ ಡಾಲಿ ಅಥವಾ ಜಾರುಹಲಗೆಗಳನ್ನು ತರಲು ಟೋಯಿಂಗ್‌ನವರಿಗೆ ಫೋನಿನಲ್ಲೇ ಹೇಳಿ. ಜ್ಯಾಕ್ ಹಾಕಬೇಕಾಗಿ ಬಂದರೆ ಗುರುತು ಮಾಡಿದ ಬಿಂದುಗಳಲ್ಲೇ ಹಾಕಬೇಕು, ಏಕೆಂದರೆ ಕಾರಿನ ತಳದ ಮಧ್ಯಭಾಗದಲ್ಲಿ ಇರುವುದು ಬ್ಯಾಟರಿಯ ಕವಚ. ಕಾರನ್ನು ಎಳೆಯುವ ಯಂತ್ರವಾದ ವಿಂಚಿನ ಹಗ್ಗ ಬಿಗಿಯಾದ ಮೇಲೆ ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಟೋಯಿಂಗ್‌ಗೆ ಕರೆ ಮಾಡುವಾಗ ಫ್ಲ್ಯಾಟ್‌ಬೆಡ್, ಅಂದರೆ ಇಡೀ ಕಾರನ್ನು ಹಲಗೆಯ ಮೇಲೆ ಹೊತ್ತೊಯ್ಯುವ ಲಾರಿ, ಬೇಕೆಂದು ಖಚಿತವಾಗಿ ಹೇಳಿ. ಚಾಲನೆಯ ಗಾಲಿಗಳು ರಸ್ತೆಯ ಮೇಲೆ ಉರುಳಿದರೆ ಅವುಗಳಿಗೆ ಜೋಡಿಸಿರುವ ಮೋಟಾರ್ ಜನರೇಟರಿನಂತೆ ವಿದ್ಯುತ್ತನ್ನು ಉತ್ಪಾದಿಸಿ, ಬ್ಯಾಟರಿ ಮತ್ತು ಮೋಟಾರಿನ ನಡುವೆ ವಿದ್ಯುತ್ತನ್ನು ಪರಿವರ್ತಿಸುವ ಇನ್ವರ್ಟರನ್ನು ಹಾಳುಮಾಡಬಹುದು. ನಾಲ್ಕೂ ಗಾಲಿಗಳು ಹಲಗೆಯ ಮೇಲೇರಿ, ಪಟ್ಟಿಗಳಿಂದ ಬಿಗಿಯಾದ ಬಳಿಕವೇ ಕಾರನ್ನು ಪಾರ್ಕ್‌ಗೆ ಹಾಕಿ ಜಂಪ್ ಸ್ಟಾರ್ಟರ್ ತೆಗೆಯಿರಿ. ಅದಕ್ಕೂ ಮೊದಲೇ ತೆಗೆದರೆ ಕೆಲವು ಕಾರುಗಳಲ್ಲಿ ಬ್ರೇಕ್ ಅರ್ಧದಾರಿಯಲ್ಲೇ ಕಚ್ಚಿಕೊಂಡು, ಕಾರು ಮೇಲೆ ಹತ್ತುವ ಹಲಗೆಯ ನಡುವೆ ಸಿಕ್ಕಿಬೀಳುತ್ತದೆ.